ವ್ಯುರ್ಟೆಂಬರ್ಗ್‌ನ ಒಂದು ಮನೆತನ, ಅದನ್ನು ಬರೆದಿಟ್ಟವರಿಗೆ ನಮಸ್ಕಾರ

ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್‌ನಿಂದ 1817ರಲ್ಲಿ ಪೆನ್ಸಿಲ್ವೇನಿಯಕ್ಕೆ ಹೊರಟ ಒಂದು ಲೂಥರನ್ ಕುಟುಂಬದ ವಂಶಾವಳಿ ಈ ತಿಂಗಳು ಒಂದು ಘಟ್ಟಕ್ಕೆ ಬಂದಿದೆ. ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಸರಿಯುತ್ತ ಮೂವತ್ತು ವರ್ಷಗಳ ಯುದ್ಧ ಮುಗಿದ 1648ರ ಹೊತ್ತಿಗೆ ಬಂದು ನಿಂತಿದ್ದೇವೆ. ಇದರಲ್ಲಿ ನಮ್ಮ ಪಾಲು ಓದಿದ್ದು, ಜೋಡಿಸಿದ್ದು ಮಾತ್ರ. ಉಳಿದದ್ದನ್ನು ಮಾಡಿಟ್ಟವರು ಬೇರೆಯವರು. ಅವರಿಗೆ ಈ ಬರಹ.

ಮೊದಲ ನಮಸ್ಕಾರ ಪೆನ್ಸಿಲ್ವೇನಿಯದ ಹಳ್ಳಿ ಚರ್ಚಿನಲ್ಲಿ ಸಮಾಧಿ ದಾಖಲೆ ಬರೆದ ಪಾದ್ರಿಗೆ. ಸತ್ತವನ ಹೆಸರಿನ ಪಕ್ಕದಲ್ಲಿ ಹುಟ್ಟಿದ ಊರನ್ನೂ ಆ ಊರು ಸೇರಿದ ಓಬರ್‌ಆಮ್ಟನ್ನೂ (ನಮ್ಮ ತಾಲೂಕಿನಂಥದ್ದು) ಅವರು ಬರೆದಿರದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಅಮೆರಿಕದ ಜನಗಣತಿ ಹುಟ್ಟಿದ ಸ್ಥಳವನ್ನು ಕೇಳಲು ಶುರುಮಾಡಿದ್ದೇ 1850ರಲ್ಲಿ. ಆಗಲೂ ‘ವ್ಯುರ್ಟೆಂಬರ್ಗ್’ ಅಥವಾ ‘ಜರ್ಮನಿ’ ಎಂದಷ್ಟೇ ಬರೆದುಕೊಂಡು ಹೋಗುತ್ತಿದ್ದರು. ಹಡಗಿನ ಪಟ್ಟಿಗಳನ್ನೂ ನೆಚ್ಚುವಂತಿರಲಿಲ್ಲ. ಫಿಲಡೆಲ್ಫಿಯದಲ್ಲಿ ಪ್ರಮಾಣವಚನ ಮಾಡಿಸಿದ ಜರ್ಮನರ ಪಟ್ಟಿ 1727ರಿಂದ 1808ರವರೆಗಿನದು, ಕೇಂದ್ರ ಸರ್ಕಾರದ ಪ್ರಯಾಣಿಕರ ಪಟ್ಟಿ 1820ರಿಂದ ಆಚೆಗಿನದು, ಹ್ಯಾಂಬರ್ಗ್ ಬಂದರಿನದು 1850ರಿಂದ. ಇತ್ತ ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಜನನ-ಮರಣ ನೋಂದಣಿ ಕಾನೂನು ಜಾರಿಗೆ ಬಂದದ್ದು 1876ರಲ್ಲಿ. ವ್ಯುರ್ಟೆಂಬರ್ಗ್‌ನಲ್ಲಿ ಅದಕ್ಕೂ ಹಿಂದಿನದೆಲ್ಲ ಆಯಾ ಊರಿನ ಚರ್ಚಿನ ಪುಸ್ತಕದಲ್ಲೇ ಇದೆ. ಊರು ಗೊತ್ತಿಲ್ಲದಿದ್ದರೆ ಯಾವ ಬಾಗಿಲು ತಟ್ಟುವುದು?

ಊರಿನ ಹೆಸರು ಸಿಕ್ಕರೂ ಅದು ಕಿವಿಗೆ ಬಿದ್ದ ಹಾಗೆ ಬರೆದ ಹೆಸರು. ಆ ನಾಡಿನ ಶ್ವಾಬಿಯನ್ ಆಡುನುಡಿಯಲ್ಲಿ ‘ಪ’ ‘ಬ’ ಆಗುತ್ತದೆ, ‘ಟ’ ‘ಡ’ ಆಗುತ್ತದೆ, ತುಟಿ ದುಂಡಗೆ ಮಾಡಿ ನುಡಿಯಬೇಕಾದ ಸ್ವರಗಳು ‘ಇ’, ‘ಎ’ ಕಡೆಗೆ ಜಾರುತ್ತವೆ. ಹಾಗಾಗಿ ಸಿಕ್ಕ ಕಾಗುಣಿತವನ್ನು ಗಟ್ಟಿಯಾಗಿ ಓದಿ, ಈ ಅದಲುಬದಲುಗಳನ್ನೆಲ್ಲ ಹಾಕಿ ನೋಡಿ, ಹೊಂದುವ ಊರುಗಳ ಪಟ್ಟಿ ಮಾಡಬೇಕು. ಇಲ್ಲಿ ಕೈಹಿಡಿದದ್ದು 1912ರ ಮೇಯರ್ಸ್ ಸ್ಥಳಕೋಶ. ಅದನ್ನು ಹುಡುಕಲು ಬರುವಂತೆ ಅಂತರ್ಜಾಲಕ್ಕೆ ಹಾಕಿದವರಿಗೆ ಎರಡನೆಯ ನಮಸ್ಕಾರ. ಊರಿಗೆ ಸ್ವಂತ ಚರ್ಚ್ ಇತ್ತೇ ಎಂಬುದನ್ನೂ ಅದು ಹೇಳುತ್ತದೆ. ಹತ್ತು ಮನೆಯ ಹಟ್ಟಿಗೆ ಚರ್ಚ್ ಇರದಿದ್ದರೆ ಹುಟ್ಟು, ಸಾವು, ಮದುವೆ ಎಲ್ಲವೂ ಪಕ್ಕದ ಊರಿನ ಪುಸ್ತಕದಲ್ಲಿರುತ್ತವೆ. ಹೊಸದಾಗಿ ಹುಡುಕುವವರು ‘ಪುಸ್ತಕ ಸುಟ್ಟುಹೋಗಿರಬೇಕು’ ಎಂದು ಕೈಚೆಲ್ಲುವುದು ಬಹಳ ಸಲ ಈ ಕಾರಣಕ್ಕೇ.

ವ್ಯುರ್ಟೆಂಬರ್ಗ್‌ನವರ ವಂಶ ಹುಡುಕುವವರಿಗೆ ಒಂದು ಪುಣ್ಯವಿದೆ. 1808ರಿಂದ ಅಲ್ಲಿನ ಪಾದ್ರಿಗಳು ಫಮಿಲಿಯೆನ್‌ರೆಗಿಸ್ಟರ್ ಇಡಬೇಕಾಯಿತು, ಅಂದರೆ ಮನೆಗೊಂದು ಪುಟ. ಗಂಡ, ಹೆಂಡತಿ, ಇಬ್ಬರ ತಂದೆತಾಯಿ, ಮದುವೆಯ ದಿನ, ಕೆಳಗೆ ಸಾಲಾಗಿ ಮಕ್ಕಳು, ಅವರ ದೀಕ್ಷಾಸ್ನಾನ, ದೃಢೀಕರಣ (ಹರೆಯದಲ್ಲಿ ಚರ್ಚಿನ ಮುಂದೆ ನಂಬಿಕೆಯನ್ನು ದೃಢಪಡಿಸುವ ವಿಧಿ), ಮದುವೆ, ಸಾವು. ಅಂಚಿನಲ್ಲಿ ‘ಅಮೆರಿಕಕ್ಕೆ’ ಎಂಬ ಒಂದು ಪದ. ‘ಮಂಗಳೂರ ಸಮಾಚಾರ’ ಹೊರಡಿಸಿದ ಮಿಷನರಿ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಇದೇ ನಾಡಿನ ಬ್ರಾಕೆನ್‌ಹೈಮ್‌ನಲ್ಲಿ, 1811ರಲ್ಲಿ. ಮಿಷನರಿ ಮನೆತನಗಳ ಬೆನ್ನುಹತ್ತುವ ಮಂಗಳೂರು, ಧಾರವಾಡದ ಸಂಶೋಧಕರಿಗೂ ಇದೇ ದಾರಿ. ಆದರೆ ಈ ಪುಟಗಳನ್ನು ಹಳೆಯ ಪುಸ್ತಕಗಳಿಂದ ನಕಲು ಮಾಡಿದ್ದಾರೆ, ನಕಲಿನಲ್ಲಿ ತಪ್ಪು ನುಸುಳುತ್ತದೆ. ಇದನ್ನು ದಾರಿಸೂಚಿಯಾಗಿ ಇಟ್ಟುಕೊಂಡು, ಪ್ರತಿ ದಿನಾಂಕವನ್ನೂ ಮೂಲ ದೀಕ್ಷಾಸ್ನಾನದ ಪುಸ್ತಕದಲ್ಲಿ ನೋಡಿಯೇ ಒಪ್ಪಬೇಕು.

ಕುರ್ರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ ಓದಲು ಕಲಿಸಿದ ಹಿರಿಯರ ಋಣ ದೊಡ್ಡದು. ಆ ಲಿಪಿಯಲ್ಲಿ ‘ಇ’ (e) ಮತ್ತು ‘ಎನ್’ (n) ಅವಳಿಗಳಂತೆ. ‘ಯು’ (u) ಗುರುತು ಸಿಗುವುದು ತಲೆಯ ಮೇಲಿನ ಕೊಕ್ಕೆಯಿಂದ. ‘ಎಮ್’ ಅಥವಾ ‘ಎನ್’ ಮೇಲೆ ಅಡ್ಡಗೆರೆ ಎಳೆದಿದ್ದರೆ ಅಕ್ಷರ ಒತ್ತಾಗಿದೆ ಎಂದರ್ಥ. ಅಚ್ಚಿನ ಅಕ್ಷರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಲು ಹೋದರೆ ತಲೆನೋವೇ ಲಾಭ. ಅವರು ಹೇಳಿಕೊಟ್ಟ ಉಪಾಯ ಇದು: ಬೇಕಾದ ನಮೂದಿನ ಹಿಂದೆ ಮುಂದೆ ಇಪ್ಪತ್ತು ಮೂವತ್ತು ನಮೂದು ಓದಿ, ತಿಂಗಳ ಹೆಸರು, ಯೋಹಾನ್, ಆನ್ನಾ ಮರಿಯಾ, ಊರ ಹೆಸರು ಇಂಥ ಗೊತ್ತಿರುವ ಪದಗಳಿಂದ ಆ ಪಾದ್ರಿಯ ಕೈಯ ಅಕ್ಷರಮಾಲೆಯನ್ನೇ ಬರೆದುಕೊಳ್ಳಿ. ಪಾದ್ರಿ ಬದಲಾದರೆ ಹೊಸ ಹಾಳೆ. ‘7ಬರ್’ ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್, ‘8ಬರ್’ ಅಕ್ಟೋಬರ್. ವಾರದ ಬದಲು ಗ್ರಹದ ಚಿಹ್ನೆ ಹಾಕುವ ಪಾದ್ರಿಗಳೂ ಇದ್ದರು. ಪಾಶ್ಚಾತ್ಯರಿಗೆ ಇದು ಒಗಟಾಗಬಹುದು, ನಮಗಲ್ಲ: ಮಂಗಳನ ಚಿಹ್ನೆ ಮಂಗಳವಾರ, ಗುರುವಿನದು ಗುರುವಾರ, ಶನಿಯದು ಶನಿವಾರ.

ಸಾವಿನ ನಮೂದಿನಲ್ಲಿ ವಯಸ್ಸನ್ನು ವರ್ಷ, ತಿಂಗಳು, ದಿನ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಕಳೆದರೆ ಹುಟ್ಟಿದ ದಿನ ಬರುತ್ತದೆ, ಹೆಚ್ಚುಕಡಿಮೆ. ಪ್ರಾಟೆಸ್ಟೆಂಟ್ ಪ್ರದೇಶಗಳು ಪಂಚಾಂಗ ಬದಲಿಸಿದ್ದರಿಂದ 1700ರ ಫೆಬ್ರುವರಿ 18ರ ಮರುದಿನವೇ ಮಾರ್ಚ್ 1 ಆಯಿತು. ಅದಕ್ಕೆ ಮೊದಲು ಹುಟ್ಟಿ ಆಮೇಲೆ ಸತ್ತವರ ಲೆಕ್ಕ ಹತ್ತು ಹನ್ನೊಂದು ದಿನ ತಪ್ಪಿದರೆ ಗಾಬರಿಯಾಗಬೇಕಿಲ್ಲ.

ನಮ್ಮ ಪಟ್ಟಿಯನ್ನು ತಿದ್ದಿದವರಿಗೆ ವಿಶೇಷ ಕೃತಜ್ಞತೆ. ಕೂಸು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ಅಲ್ಲಿನ ವಾಡಿಕೆ. ಮೊದಲ ಯೋಹಾನ್ ಗೆಯೋರ್ಗ್ ಸಿಕ್ಕೊಡನೆ ಅವನೇ ಹಡಗು ಹತ್ತಿದವನು ಎಂದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲರೂ ಎಡವುವ ಕಲ್ಲು. ದೀಕ್ಷಾಸ್ನಾನ ಸಿಕ್ಕ ಮೇಲೆ ಮುಂದಿನ ಹತ್ತು ವರ್ಷಗಳ ಸಾವಿನ ಪುಸ್ತಕ ನೋಡಲೇಬೇಕು, ಬಳಿಕ ಹದಿನಾಲ್ಕರ ಸುಮಾರಿನ ದೃಢೀಕರಣದ ಪಟ್ಟಿಯಲ್ಲಿ ಹುಡುಗ ಬದುಕಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಮನೆಯಲ್ಲಿ ಮೂವರು ಯೋಹಾನರಿದ್ದರೂ ಆಶ್ಚರ್ಯವಿಲ್ಲ. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಹೆಂಗಸರ ಮನೆತನದ ಹೆಸರಿನ ಕೊನೆಗೆ ‘ಇನ್’ ಸೇರುತ್ತದೆ: ಮ್ಯುಲರನ ಮಗಳು ಮ್ಯುಲರಿನ್. ಅದು ಬೇರೆ ಮನೆತನವಲ್ಲ.

ಊರಿನ ದಾಖಲೆಕೋಣೆ ತೆರೆದು ‘ಇನ್ವೆಂಟೂರೆನ್ ಉಂಡ್ ಟೈಲುಂಗೆನ್’ ಕಟ್ಟುಗಳನ್ನು ತೋರಿಸಿದ ಸಿಬ್ಬಂದಿಗೆ ಏನು ಹೇಳಿದರೂ ಕಡಿಮೆ. ಮದುವೆಯಾದಾಗ ಮತ್ತು ಸತ್ತಾಗ ಮನೆಯ ಆಸ್ತಿಯನ್ನು ಹೊಲದ ತುಂಡಿನಿಂದ ಚಮಚದವರೆಗೆ ಬರೆದಿಟ್ಟ ಪಟ್ಟಿಗಳು ಇವು. ವಾರಸುದಾರರಲ್ಲಿ ‘ಅಮೆರಿಕದಲ್ಲಿರುವ ಮಗ’ ಎಂದು ಬಂದರೆ ಚರ್ಚಿನ ಪುಸ್ತಕ ಬಿಟ್ಟುಕೊಟ್ಟ ಕೊಂಡಿ ಇಲ್ಲಿ ಸಿಗುತ್ತದೆ. ಯಾಕೆ ಹೊರಟರು ಎಂಬುದಕ್ಕೂ ಅರ್ಧ ಉತ್ತರ ಇಲ್ಲಿದೆ: ಎಲ್ಲ ಮಕ್ಕಳಿಗೂ ಸಮಪಾಲು ಹಂಚಿ ಹಂಚಿ ಹೊಲ ಅಂಗೈಯಗಲವಾಗಿತ್ತು. ಉಳಿದರ್ಧ ಆಕಾಶದಿಂದ ಬಂತು. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಬೇಸಿಗೆಯೇ ಬಾರದೆ ಬೆಳೆ ಕೈಕೊಟ್ಟಿತು.

ಮೂವತ್ತು ವರ್ಷಗಳ ಯುದ್ಧದ ನಡುವೆ, 1634ರಲ್ಲಿ, ನ್ಯೋರ್ಡ್ಲಿಂಗೆನ್ ಕದನದಲ್ಲಿ ಪ್ರಾಟೆಸ್ಟೆಂಟರು ಸೋತ ಮೇಲೆ ಸೈನ್ಯಗಳು ಆ ನಾಡನ್ನು ತುಳಿದಾಡಿದವು. ಡ್ಯೂಕ್ ಕ್ರಿಸ್ಟೋಫ್ 1558ರಲ್ಲೇ ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಲು ಆಜ್ಞೆ ಮಾಡಿದ್ದರೂ ಎಷ್ಟೋ ಊರುಗಳಲ್ಲಿ ಆ ಮೊದಲ ಪುಸ್ತಕಗಳು ಉಳಿದಿಲ್ಲ. ನಮ್ಮ ವಂಶಾವಳಿಯೂ ಅಲ್ಲೇ ನಿಂತಿದೆ.

ಪುಟಗಳ ಚಿತ್ರ ತೆಗೆದು ಪ್ರಾಟೆಸ್ಟೆಂಟ್ ಚರ್ಚ್ ಪುಸ್ತಕಗಳ ಆರ್ಕಿಯೋನ್ ಜಾಲತಾಣಕ್ಕೆ ಸೇರಿಸಿದವರಿಗೂ ಕ್ಯಾಥೋಲಿಕ್ ಪುಸ್ತಕಗಳನ್ನು ಮಾಟ್ರಿಕುಲಾ ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟವರಿಗೂ ನಮಸ್ಕಾರ. ವಂಶಾವಳಿಯ ಪ್ರತಿ ಹೆಸರಿನ ಮುಂದೆ ಊರು, ಪುಸ್ತಕದ ವರ್ಷಗಳು, ಪುಟ, ನಮೂದಿನ ಸಂಖ್ಯೆ ಬರೆದಿದ್ದೇವೆ. ಅನುಮಾನವಿದ್ದ ಕಡೆ ಪೆನ್ಸಿಲ್ಲಿನಲ್ಲಿ ಪ್ರಶ್ನೆಚಿಹ್ನೆ ಇದೆ. ಬಲ್ಲವರು ಅಳಿಸಿ ತಿದ್ದಬಹುದು.