ಚೀನಾಕ್ಕೆ ಎಂಬಿಬಿಎಸ್‌ಗೆ ಕಳಿಸುವ ಮುನ್ನ: ಎಚ್‌ಎಸ್‌ಕೆ ಪರೀಕ್ಷೆಯ ಬಗ್ಗೆ ಪೋಷಕರಿಗೆ ಪತ್ರ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳ ಪೋಷಕರಿಗೆ ನಮಸ್ಕಾರ.

ನೀಟ್ ಫಲಿತಾಂಶ ಬಂದಾಗಿನಿಂದ ನನ್ನನ್ನು ಕಾಣಲು ಬರುತ್ತಿರುವ ಪೋಷಕರಲ್ಲಿ ಹಲವರದ್ದು ಒಂದೇ ಮಾತು: "ಮೇಡಂ, ಸರ್ಕಾರಿ ಸೀಟಿಗೆ ಅಂಕ ಸಾಲಲಿಲ್ಲ, ಖಾಸಗಿ ಕಾಲೇಜಿನ ಫೀಸು ನಮ್ಮ ಕೈಗೆ ಎಟುಕೋದಿಲ್ಲ, ಚೀನಾಕ್ಕೆ ಕಳಿಸೋಣ ಅಂತಿದ್ದೀವಿ, ನೀವೇನಂತೀರಿ?" ಏಜೆಂಟರು ಕೊಟ್ಟ ಕರಪತ್ರಗಳನ್ನೂ ಕೆಲವರು ತೋರಿಸಿದ್ದೀರಿ. ಫೀಸು, ಹಾಸ್ಟೆಲ್, ಭಾರತೀಯ ಊಟ, ವೀಸಾ ಎಲ್ಲದರ ವಿವರವೂ ಅದರಲ್ಲಿದೆ. ಭಾಷೆಯ ಬಗ್ಗೆ ಮಾತ್ರ ಒಂದೇ ಸಾಲು: "ಪೂರ್ತಿ ಇಂಗ್ಲಿಷ್ ಮಾಧ್ಯಮ". ಆ ಸಾಲು ಹೇಳದೆ ಬಿಟ್ಟಿರುವುದನ್ನು ತಿಳಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಚೀನಾದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ವೈದ್ಯಕೀಯ ಓದುವ ವಿದೇಶಿ ವಿದ್ಯಾರ್ಥಿಗಳೂ ಚೀನೀ ಭಾಷೆಯನ್ನು ಎಚ್‌ಎಸ್‌ಕೆ ಎಂಬ ಭಾಷಾ ಪರೀಕ್ಷೆಯ ನಾಲ್ಕನೇ ಹಂತದವರೆಗೆ ಕಲಿಯಲೇಬೇಕು. ಬೀಜಿಂಗ್‌ನ ನಮ್ಮ ರಾಯಭಾರ ಕಚೇರಿ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸಲಹಾ ಪ್ರಕಟಣೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಆಸ್ಪತ್ರೆಯ ತರಬೇತಿಗೆ ಈ ಹಂತ ಕಡ್ಡಾಯ, ಅದನ್ನು ಮುಟ್ಟದವರಿಗೆ ಪದವಿ ಇಲ್ಲ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳನ್ನೂ ಇದರ ಜೊತೆಗಿಟ್ಟು ಓದಬೇಕು. ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲೇ ಇರಬೇಕು, ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಅಂದರೆ ಪಾಠ ಇಂಗ್ಲಿಷಿನಲ್ಲಿ, ರೋಗಿ ಚೀನೀ ಭಾಷೆಯಲ್ಲಿ. ಎರಡೂ ನಿಜ, ಎರಡೂ ಒಟ್ಟಿಗೇ ಅನ್ವಯಿಸುತ್ತವೆ. "ಮೊದಲೆರಡು ವರ್ಷ ಇಂಗ್ಲಿಷ್, ಆಮೇಲೆ ಚೀನೀ ಮಾಧ್ಯಮ" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ ಎದ್ದು ಬನ್ನಿ. ಆ ಪದವಿ ಇಲ್ಲಿ ನಡೆಯುವುದಿಲ್ಲ.

ಎಚ್‌ಎಸ್‌ಕೆ ಎಂದರೆ ಹಾನ್‌ಯು ಶುಯ್‌ಪಿಂಗ್ ಕಾವ್‌ಶಿ. ಚೀನೀ ತಾಯ್ನುಡಿಯಲ್ಲದವರ ಭಾಷಾ ಸಾಮರ್ಥ್ಯ ಅಳೆಯಲು ಚೀನಾ ನಡೆಸುವ ಪರೀಕ್ಷೆ. ಇಂಗ್ಲಿಷಿಗೆ ಐಇಎಲ್‌ಟಿಎಸ್, ಟೋಫೆಲ್ ಇದ್ದಂತೆ ಅಂದುಕೊಳ್ಳಿ. 1984ರಲ್ಲಿ ಬೀಜಿಂಗ್‌ನ ಭಾಷಾ ಸಂಸ್ಥೆಯೊಂದರಲ್ಲಿ ಇದರ ತಯಾರಿ ಶುರುವಾಯಿತು. ಇಂದು ಅದು ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ. ಮೊದಲು 11 ಹಂತಗಳಿದ್ದವು, 2010ರ ಹೊತ್ತಿಗೆ ಅದು ಆರು ಹಂತಗಳ ಪರೀಕ್ಷೆಯಾಯಿತು. ಆ ಆರು ಹಂತಗಳ ಪದಸಂಖ್ಯೆ ಹೀಗಿದೆ: ಒಂದನೇ ಹಂತಕ್ಕೆ 150, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200, ಐದಕ್ಕೆ 2500, ಆರಕ್ಕೆ 5000. ತೈವಾನಿನವರು ನಡೆಸುವ ಟಿಒಸಿಎಫ್‌ಎಲ್ ಬೇರೆಯೇ ಪರೀಕ್ಷೆ, ಶಾಲಾ ಮಕ್ಕಳಿಗೆಂದು ಇರುವ ವೈಸಿಟಿ ಕೂಡ ಬೇರೆ. ನಿಮ್ಮ ಮಕ್ಕಳಿಗೆ ಬೇಕಾದದ್ದು ಎಚ್‌ಎಸ್‌ಕೆ ಮಾತ್ರ.

1200 ಪದ ಎಂದಾಗ ಕೆಲವರಿಗೆ ಹಗುರ ಅನ್ನಿಸಬಹುದು. ನಾಲ್ಕನೇ ಹಂತದ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಟ್ಟು 100 ಪ್ರಶ್ನೆ, ಸುಮಾರು 105 ನಿಮಿಷ, 300 ಅಂಕ, ಪಾಸಾಗಲು 180. ಕೇಳಿ ಉತ್ತರಿಸುವ ಪ್ರಶ್ನೆಗಳು 45, ಓದುವವು 40, ಬರೆಯುವವು 15. ಮೂರನೇ ಹಂತದವರೆಗೆ ಪ್ರತಿ ಧ್ವನಿಮುದ್ರಿಕೆಯನ್ನು ಎರಡು ಬಾರಿ ಕೇಳಿಸುತ್ತಾರೆ. ನಾಲ್ಕರಿಂದ ಒಂದೇ ಬಾರಿ. ಮೊದಲ ಎರಡು ಹಂತಗಳಲ್ಲಿ ಚೀನೀ ಅಕ್ಷರದ ಜೊತೆಗೆ ಪಿನ್‌ಯಿನ್, ಅಂದರೆ ರೋಮನ್ ಲಿಪಿಯ ಉಚ್ಚಾರಣೆ ಇರುತ್ತದೆ. ಮೂರರಿಂದ ಆ ಆಸರೆಯೂ ಇಲ್ಲ, ಬರೀ ಅಕ್ಷರ. ಬರೆಯುವ ಭಾಗದ ಹತ್ತು ಪ್ರಶ್ನೆಗಳಲ್ಲಿ ಚೆಲ್ಲಾಪಿಲ್ಲಿ ಕೊಟ್ಟ ಪದಗಳನ್ನು ಜೋಡಿಸಿ ವಾಕ್ಯ ಮಾಡಬೇಕು. ಉಳಿದ ಐದರಲ್ಲಿ ಒಂದು ಚಿತ್ರ, ಒಂದು ಪದ ಕೊಟ್ಟಿರುತ್ತಾರೆ, ಅದನ್ನು ಬಳಸಿ ಸ್ವಂತ ವಾಕ್ಯ ಬರೆಯಬೇಕು. ಗೈಡು ಉರುಹೊಡೆದು ಈ ಐದನ್ನು ದಾಟುವುದು ಕಷ್ಟ. ವಾರ್ಡಿನಲ್ಲಿ ಕೇಸ್ ಶೀಟ್ ಬರೆಯಬೇಕಾದವರಿಗೆ ನಿಜಕ್ಕೂ ಬೇಕಾದ ಅಭ್ಯಾಸ ಈ ಐದು ಪ್ರಶ್ನೆಗಳದ್ದೇ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಬದಲಾವಣೆಯನ್ನೂ ಗಮನದಲ್ಲಿಡಿ. 2021ರ ಜುಲೈ 1ರಿಂದ ಚೀನಾದಲ್ಲಿ ಚೀನೀ ಭಾಷಾ ಸಾಮರ್ಥ್ಯಕ್ಕೆ ಹೊಸ ಮಾನದಂಡ ಜಾರಿಗೆ ಬಂದಿದೆ. ಅದರಲ್ಲಿ ಒಂಬತ್ತು ಹಂತ, 3000 ಅಕ್ಷರ, 11,092 ಪದ. ಏಳರಿಂದ ಒಂಬತ್ತನೇ ಹಂತದ ಪರೀಕ್ಷೆ 2022ರಲ್ಲೇ ಶುರುವಾಗಿದೆ. ಆ ಮಾನದಂಡದ ಪ್ರಕಾರ ನಾಲ್ಕನೇ ಹಂತ ಮುಗಿಯುವಷ್ಟರಲ್ಲಿ ಕಲಿತಿರಬೇಕಾದ ಪದಗಳು 3245. ಹಳೆಯ 1200 ಎಲ್ಲಿ, ಇದೆಲ್ಲಿ! ಪರೀಕ್ಷೆಯೂ ಹೊಸ ಅಳತೆಯತ್ತ ಸಾಗುತ್ತಿದೆ. ಈಗ ಹೋಗುವ ಮಕ್ಕಳು ಈ ಪರೀಕ್ಷೆಗೆ ಕೂರುವುದು ಸಾಮಾನ್ಯವಾಗಿ ಇಂಟರ್ನ್‌ಶಿಪ್‌ಗೆ ಮುಂಚೆ, ಅಂದರೆ ಕೆಲವು ವರ್ಷ ಕಳೆದ ಮೇಲೆ. ಆದ್ದರಿಂದ ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಕೊಂಡುಬಿಡಬೇಡಿ. ಯಾವ ಪಠ್ಯಕ್ರಮ ಎಂದು ವಿಶ್ವವಿದ್ಯಾಲಯವನ್ನೇ ಕೇಳಿ ಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಹಂತ ಪಾಸಾದರೆ ಸಾಕೇ? ಪದವಿಗೆ ಸಾಕು. ರೋಗಿಗೆ ಸಾಲದು. ಆರು ಹಂತಗಳ ಪದಪಟ್ಟಿಯನ್ನು ನಾನೇ ಕೂತು ನೋಡಿದೆ. ಆಸ್ಪತ್ರೆ, ಡಾಕ್ಟರ್ ಎಂಬ ಪದಗಳು ಒಂದನೇ ಹಂತದಲ್ಲೇ ಬರುತ್ತವೆ. ಔಷಧಿ ಎರಡರಲ್ಲಿ. ಜ್ವರ, ನೆಗಡಿ, ನೋವು ಮೂರರಲ್ಲಿ. ಕೆಮ್ಮು, ನರ್ಸ್, ಇಂಜೆಕ್ಷನ್ ಕೊಡುವುದು ನಾಲ್ಕರಲ್ಲಿ. ಆಪರೇಷನ್, ಅಲರ್ಜಿ ಎಂಬ ಪದಗಳು ಬರುವುದು ಐದನೇ ಹಂತಕ್ಕೆ, ರಕ್ತದೊತ್ತಡ ಆರಕ್ಕೆ. "ನಿಮಗೆ ಯಾವುದಾದರೂ ಔಷಧಿ ಅಲರ್ಜಿಯಾಗುತ್ತದೆಯೇ?" ಎಂದು ಕೇಳದೆ ಯಾವ ಇಂಟರ್ನ್ ಇಂಜೆಕ್ಷನ್ ಕೊಡಲಾದೀತು? ಆ ಒಂದು ಪ್ರಶ್ನೆಗೆ ಬೇಕಾದ ಪದವೇ ಕಡ್ಡಾಯ ಹಂತದ ಪಟ್ಟಿಯಲ್ಲಿಲ್ಲ.

ಮಾತಿನ ಪರೀಕ್ಷೆಯ ಸ್ಥಿತಿಯೂ ಹಾಗೆಯೇ. ಎಚ್‌ಎಸ್‌ಕೆ ನಾಲ್ಕನೇ ಹಂತದಲ್ಲಿ ಕೇಳುವುದು, ಓದುವುದು, ಬರೆಯುವುದು ಇದೆ. ಮಾತನಾಡುವುದಕ್ಕೆ ಎಚ್‌ಎಸ್‌ಕೆಕೆ ಎಂಬ ಪ್ರತ್ಯೇಕ ಪರೀಕ್ಷೆ, ಅದರಲ್ಲಿ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ಮಟ್ಟ. ಹಾಗಾಗಿ ಬಾಯಿಬಿಟ್ಟು ಒಂದು ವಾಕ್ಯವನ್ನೂ ಆಡದೆ ನಾಲ್ಕನೇ ಹಂತ ದಾಟುವ ವಿದ್ಯಾರ್ಥಿ ಇರಲು ಸಾಧ್ಯ. ಪ್ರಮಾಣಪತ್ರದ ಮೇಲಿನ ಹಂತವೇ ಸಾಮರ್ಥ್ಯ ಎಂದುಕೊಳ್ಳುವುದರ ಬಗ್ಗೆ ಯುರೋಪಿನಲ್ಲೂ ವಾದ ನಡೆದಿದೆ. ಪರೀಕ್ಷೆ ನಡೆಸುತ್ತಿದ್ದ ಹಾನ್‌ಬಾನ್ ಸಂಸ್ಥೆ ಆರನೇ ಹಂತವನ್ನು ಯುರೋಪಿನ ಭಾಷಾ ಅಳತೆಯ ಅತ್ಯುನ್ನತ ಸಿ2 ಮಟ್ಟಕ್ಕೂ ನಾಲ್ಕನೆಯದನ್ನು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಬಿ2 ಮಟ್ಟಕ್ಕೂ ಸಮ ಎಂದಾಗ, ಜರ್ಮನಿಯ ಚೀನೀ ಭಾಷಾ ಶಿಕ್ಷಕರ ಸಂಘ ಒಪ್ಪಲಿಲ್ಲ. ನಿಜವಾದ ಮಟ್ಟ ಅದಕ್ಕಿಂತ ಸಾಕಷ್ಟು ಕೆಳಗಿದೆ ಎಂದಿತು. ದಿನವೂ ಪಾಠ ಮಾಡುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನಮ್ಮ ಕಾಲೇಜಿನಲ್ಲೇ ಪಿಯುಸಿ ಮುಗಿಸಿ, ಚೀನಾದಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮಾತೊಂದನ್ನು ನಿಮ್ಮ ಮುಂದಿಡುತ್ತೇನೆ. ನಾಲ್ಕನೇ ಹಂತದಲ್ಲಿ ಅವಳು ಒಳ್ಳೆಯ ಅಂಕ ಪಡೆದಿದ್ದಳು. ವಾರ್ಡಿನಲ್ಲಿ ವಯಸ್ಸಾದ ರೈತರೊಬ್ಬರು ತಮ್ಮ ಊರ ಕಡೆಯ ಆಡುಮಾತಿನಲ್ಲಿ ಗಡಗಡನೆ ಕಷ್ಟ ಹೇಳಿಕೊಂಡರು. ಇವಳಿಗೆ ತಿಳಿದದ್ದು ಒಂದೇ ಪದ, "ಯಾವ್". ಆ ಪದವನ್ನು ಮೇಲಿನಿಂದ ಕೆಳಕ್ಕೆ ಥಟ್ಟನೆ ಇಳಿಸಿ ಹೇಳಿದರೆ ಔಷಧಿ, ಒಂದೇ ಎತ್ತರದಲ್ಲಿ ಎಳೆದು ಹೇಳಿದರೆ ಸೊಂಟ. ಅವರು ಸೊಂಟ ನೋವು ಎನ್ನುತ್ತಿದ್ದರು, ಇವಳು ಔಷಧಿ ಕೇಳುತ್ತಿದ್ದಾರೆಂದು ತಿಳಿದಳು. ಪಕ್ಕದಲ್ಲಿದ್ದ ನರ್ಸ್ ಪ್ರಮಾಣಿತ ಚೀನೀಯಲ್ಲಿ ನಿಧಾನವಾಗಿ ಹೇಳಿ, ತನ್ನ ಸೊಂಟ ಮುಟ್ಟಿ ತೋರಿಸಿದ ಮೇಲೆ ಅರ್ಥವಾಯಿತು. ಅಂದು ಸಂಜೆಯಿಂದಲೇ ಅವಳು ಆ ನರ್ಸ್ ಹತ್ತಿರ ದಿನಕ್ಕೆ ಅರ್ಧ ಗಂಟೆ ಮಾತು ಕಲಿಯಲು ಕೂತಳಂತೆ. "ಮೇಡಂ, ಕ್ಲಾಸಿನಲ್ಲಿ ನನಗೆ ಬರೋದು ಇಂಗ್ಲಿಷು, ಪರೀಕ್ಷೆಯಲ್ಲಿ ಬರೋದು ಚೀನೀ, ವಾರ್ಡಿನಲ್ಲಿ ಎರಡೂ ಬರ್ತಿರಲಿಲ್ಲ" ಎಂದಳು. ಅವಳು ಕಷ್ಟಪಟ್ಟು ಕಲಿತು ಮುಗಿಸಿ ಬಂದಳು, ಅದು ನನಗೆ ಹೆಮ್ಮೆ. ಆದರೆ ಆ ಕಷ್ಟದ ಅರ್ಧವನ್ನಾದರೂ ಮೊದಲ ವರ್ಷದಲ್ಲೇ ಕಳೆದುಕೊಳ್ಳಬಹುದಿತ್ತು.

ವೈದ್ಯಕೀಯ ಚೀನೀ ಭಾಷೆಗೆಂದೇ ಎಂಸಿಟಿ ಎಂಬ ಪರೀಕ್ಷೆಯೂ ಈಗ ಇದೆ. ಪದವಿಗೆ ಕೇಳಲಿ, ಕೇಳದಿರಲಿ, ಅದರ ಮಾದರಿ ಪತ್ರಿಕೆಗಳನ್ನು ಓದಿದರೆ ಮಕ್ಕಳಿಗೆ ವಾರ್ಡಿನ ಭಾಷೆ ಸಿಗುತ್ತದೆ.

ಇಲ್ಲಿ ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಚೀನೀ ಉಚ್ಚಾರಣೆಯಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ಇಂಗ್ಲಿಷ್ ಅಕ್ಷರ ಮುಚ್ಚಿಹಾಕುತ್ತದೆ. ಪಿನ್‌ಯಿನ್‌ನಲ್ಲಿ "ಬಿ" ಅಕ್ಷರ ಕಂಡರೆ ಮಕ್ಕಳು "ಬ" ಎಂದು ಓದುತ್ತಾರೆ. ಅಲ್ಲಿಯ ಧ್ವನಿ ಹೆಚ್ಚುಕಡಿಮೆ ನಮ್ಮ "ಪ". "ಜಿ" (g) ಎಂದರೆ "ಕ", "ಕೆ" (k) ಎಂದರೆ "ಖ". ಅಂದರೆ ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸವೇ ಅಲ್ಲಿ ಅರ್ಥದ ವ್ಯತ್ಯಾಸ. ಒಂದನೇ ತರಗತಿಯಲ್ಲೇ ಕಾಗುಣಿತ ತಿದ್ದಿದ ನಮ್ಮ ಮಕ್ಕಳಿಗೆ ಇದನ್ನು ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ನಿಜವಾದ ಶ್ರಮ ಇರುವುದು ನಾಲ್ಕು ಬಗೆಯ ದನಿಯ ಏರಿಳಿತದಲ್ಲಿ ಮತ್ತು ಅಕ್ಷರಗಳಲ್ಲಿ. ಏರಿಳಿತಕ್ಕೆ ಕಿವಿ ಪಳಗಬೇಕು. ಅಕ್ಷರಕ್ಕೆ ದಿನವೂ ಕೈಯಲ್ಲಿ ಬರೆಯಬೇಕು, ಬೇರೆ ದಾರಿ ಇಲ್ಲ. ಎಚ್‌ಎಸ್‌ಕೆಯನ್ನು ಕಂಪ್ಯೂಟರಿನಲ್ಲೂ ಬರೆಯಬಹುದು, ಆಗ ಪಿನ್‌ಯಿನ್ ಟೈಪ್ ಮಾಡಿ ಅಕ್ಷರ ಆರಿಸಿದರಾಯಿತು. ಪರೀಕ್ಷೆಗೆ ಅದು ಸುಲಭ. ಆದರೂ ಕಾಗದದ ಮೇಲೆ ಬರೆದು ಕಲಿತವರಿಗೆ ಬೇರೆಯವರ ಕೈಬರಹ ಓದಲು ಬರುತ್ತದೆ. ಡಾಕ್ಟರ ಕೈಬರಹ ಎಲ್ಲ ದೇಶದಲ್ಲೂ ಒಂದೇ ತರಹ ಇರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಚೀನಾದಲ್ಲಿ ಶೈಕ್ಷಣಿಕ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ. ಹೊರಡುವ ತನಕ ಸಿಗುವ ವಾರಗಳನ್ನು ಪಾಸ್‌ಪೋರ್ಟು, ಸೂಟ್‌ಕೇಸು, ಬಂಧುಗಳ ಮನೆಯ ಊಟ ಎಂದು ಕಳೆದುಬಿಡಬೇಡಿ. ದಿನಕ್ಕೆ ಒಂದು ಗಂಟೆ ಕೂತರೂ ಒಂದನೇ ಹಂತದ 150 ಪದಗಳನ್ನು ಕಲಿತು ವಿಮಾನ ಹತ್ತಬಹುದು. ಹೋದ ಮೇಲೆ ಮೊದಲ ವರ್ಷದಲ್ಲಿ ಅನಾಟಮಿಯ ಹೊರೆ ಬೀಳುತ್ತದೆ, ಆಗ ಚೀನೀ ಕ್ಲಾಸಿಗೆ ಚಕ್ಕರ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಫೋನು ಮಾಡಿದಾಗ "ಊಟ ಆಯ್ತಾ?" ಎಂದು ಕೇಳುತ್ತೀರಲ್ಲ, ಅದರ ಜೊತೆಗೆ "ಇವತ್ತು ಚೀನೀಯಲ್ಲಿ ಯಾರ ಹತ್ತಿರ ಮಾತಾಡಿದೆ?" ಎಂದೂ ಕೇಳಿ. ಭಾರತದ ಮಕ್ಕಳೇ ತುಂಬಿರುವ ಹಾಸ್ಟೆಲಿನಲ್ಲಿ ಐದು ವರ್ಷ ಕಳೆದು ಒಂದು ಮಾತೂ ಕಲಿಯದೆ ಬರುವುದು ತೀರಾ ಸುಲಭ.

ಏಜೆಂಟರಿಗೆ ಹಣ ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಆ ವಿಶ್ವವಿದ್ಯಾಲಯ ಇಂಗ್ಲಿಷ್ ಮಾಧ್ಯಮದಲ್ಲಿ ವಿದೇಶಿಯರನ್ನು ಸೇರಿಸಿಕೊಳ್ಳಲು ಚೀನಾ ಸರ್ಕಾರ ಅನುಮತಿಸಿದ ಪಟ್ಟಿಯಲ್ಲಿದೆಯೇ? 2022ರ ಪ್ರಕಟಣೆಯ ಪ್ರಕಾರ ಅಂತಹ ಕಾಲೇಜುಗಳು 45. ಚೀನೀ ಭಾಷೆಯನ್ನು ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಕಲಿಸುತ್ತಾರೆ? ನಾಲ್ಕನೇ ಹಂತವನ್ನು ಯಾವ ವರ್ಷದೊಳಗೆ ದಾಟಬೇಕು, ದಾಟದಿದ್ದರೆ ಇಂಟರ್ನ್‌ಶಿಪ್‌ಗೆ ಬಿಡುತ್ತಾರೆಯೇ? ಉತ್ತರಗಳನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ವಿಶ್ವವಿದ್ಯಾಲಯದ ಪತ್ರದಲ್ಲೇ ಕೇಳಿ. "ಅದೆಲ್ಲ ಅಲ್ಲಿ ಹೋದ ಮೇಲೆ ಆಗುತ್ತೆ ಬಿಡಿ" ಎನ್ನುವವರಿಗೆ ಮನೆ ಅಡವಿಟ್ಟ ಹಣವನ್ನು ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನೀಟ್ ಅರ್ಹತೆ ಇಲ್ಲದೆ ಹೋಗುವ ಮಾತಂತೂ ಇಲ್ಲವೇ ಇಲ್ಲ.

ನಾನು ಚೀನಾಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ನಮ್ಮ ಮಕ್ಕಳಿಗೆ ಆ ಭಾಷೆ ಕಲಿಯುವ ಬುದ್ಧಿಯಿದೆ, ಕಲಿತವರನ್ನು ಕಂಡಿದ್ದೇನೆ. ಆದರೆ ಕಲಿಯಬೇಕು ಎಂಬುದು ಅವರಿಗೆ ಇಲ್ಲಿಂದ ಹೊರಡುವ ಮೊದಲೇ ಗೊತ್ತಿರಬೇಕು. ಆ ಭಾಷೆಯ ಮೇಲೆ ಒಂಚೂರೂ ಒಲವಿಲ್ಲದ ಮಗುವನ್ನು ಬರೀ ಫೀಸಿನ ಲೆಕ್ಕದ ಮೇಲೆ ಕಳಿಸಬೇಡಿ. ಬಿಎಸ್‌ಸಿ, ನರ್ಸಿಂಗ್, ಫಾರ್ಮಸಿ, ಪಶುವೈದ್ಯಕೀಯ ಯಾವುದಕ್ಕೂ ಬಾಗಿಲು ಮುಚ್ಚಿಲ್ಲ.

ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕಾಲೇಜಿನ ಸಭಾಂಗಣದಲ್ಲಿ ಈ ಬಗ್ಗೆ ಸಭೆ ಇಟ್ಟುಕೊಂಡಿದ್ದೇವೆ. ಮೇಲೆ ಹೇಳಿದ ಹಳೆಯ ವಿದ್ಯಾರ್ಥಿನಿಯೂ ಬರಲು ಒಪ್ಪಿದ್ದಾಳೆ. ಒಂದನೇ ಮತ್ತು ನಾಲ್ಕನೇ ಹಂತದ ಮಾದರಿ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಇಟ್ಟಿರುತ್ತೇವೆ, ಕೇಳಿಸುವ ಭಾಗದ ಧ್ವನಿಯನ್ನೂ ಹಾಕಿ ತೋರಿಸುತ್ತೇವೆ. ಏಜೆಂಟರು ಯಾವುದಾದರೂ ಪ್ರವೇಶ ಪತ್ರ ಕೊಟ್ಟಿದ್ದರೆ ಅದರ ಜೆರಾಕ್ಸ್ ತನ್ನಿ, ಒಟ್ಟಿಗೆ ಕೂತು ಓದೋಣ. ಮಕ್ಕಳನ್ನು ತಪ್ಪದೆ ಕರೆತನ್ನಿ. ಬರಲಾಗದವರು ಕಚೇರಿ ಸಮಯದಲ್ಲಿ ಯಾವಾಗ ಬೇಕಾದರೂ ಬಂದು ನನ್ನನ್ನು ಕಾಣಬಹುದು.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು