ರಾತ್ರಿ ಎದ್ದು ಕೂರುವ ಗಣಪತಿಗೆ

ಕಾರವಾರ

ಚಿರಂಜೀವಿ ಗಣಪತಿಗೆ ದೊಡ್ಡಮ್ಮನ ಆಶೀರ್ವಾದ.

ಅರ್ಗಾದ ಮನೆ ಬಿಟ್ಟದ್ದು, ನೀನು ನೇವಿ ಸೇರಿದ್ದು, ಪಿಂಚಣಿ ಹಿಡಿದು ಬೆಂಗಳೂರು ಸೇರಿದ್ದು ಎಲ್ಲ ಇಬ್ಬರಿಗೂ ಗೊತ್ತಿದ್ದದ್ದೇ. ಹಡಗಿನ ಪೈಪಿಗೆ ಬಿಸಿ ತಡೆಯಲು ಸುತ್ತುತ್ತಿದ್ದ ಆಸ್ಬೆಸ್ಟಾಸ್ ನಾರಿನ ಪುಡಿಯ ಬಗ್ಗೆ ನೀನು ಬರೆದ ಕಾಗದದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಒಳಗೆ ಹೋದದ್ದು ಒಳಗೇ ಕೂತಿದೆ, ಯಾವತ್ತು ಏಳ್ತದೋ ಗೊತ್ತಿಲ್ಲ. ರಾತ್ರಿ ಎದ್ದು ಉಸಿರು ನೋಡಿಕೊಳ್ತೇನೆ" ಅಂತ ಬರೆದಿದ್ದೀಯಲ್ಲ, ಅದು.

ನಿನ್ನ ದೊಡ್ಡಪ್ಪನೂ ಹೀಗೇ ಎದ್ದು ಕೂರುತ್ತಿದ್ದರು. ನಿನ್ನ ಹಾಗೇ ಹಳೇ ಸ್ಟೀಮ್ ಹಡಗಿನ ಬಾಯ್ಲರ್ ರೂಮಿನಲ್ಲಿ ಕೆಲಸ ಮಾಡಿದವರು. ಮುಂಬೈ ಕ್ವಾರ್ಟರ್ಸಿನಲ್ಲಿ ಅವರ ಡಾಂಗ್ರಿ ಒಗೆಯುತ್ತಿದ್ದವಳು ನಾನು. ಪೈಪಿಗೆ ಸುತ್ತಿದ ಆಸ್ಬೆಸ್ಟಾಸ್ ಬಿಚ್ಚಿ ರಿಪೇರಿ ಮಾಡಿದ ದಿನ ಕಾಲರಿನ ಮಡಿಕೆಯಲ್ಲಿ, ಜೇಬಿನ ಹೊಲಿಗೆಯಲ್ಲಿ ಬೂದುಬಿಳಿ ಪುಡಿ. ಬಾಲ್ಕನಿಯಲ್ಲಿ ಚೆನ್ನಾಗಿ ಕೊಡವಿ ಆಮೇಲೆ ನೆನೆಹಾಕುತ್ತಿದ್ದೆ. ಅದನ್ನು ಕೊಡವಬಾರದು ಅಂತ ನಮಗೆ ಹೇಳಿದವರು ಯಾರೂ ಇರಲಿಲ್ಲ. ಹಾಗಾಗಿ ನಿನ್ನದು ಸುಳ್ಳು ಹೆದರಿಕೆ ಅಂತ ನಾನು ಅನ್ನುವುದಿಲ್ಲ. ಆ ಪುಡಿ ಎದೆಯೊಳಗೆ 20, 30, 40 ವರ್ಷ ತೆಪ್ಪಗಿದ್ದು ಆಮೇಲೆ ಕಾಯಿಲೆ ತರಬಲ್ಲದು. ಉಸಿರಲ್ಲಿ ಎಳೆದುಕೊಂಡವರಿಗೆಲ್ಲ ತರುವುದಿಲ್ಲ, ಅದೂ ಅಷ್ಟೇ ನಿಜ.

ಅವರ ಮೆಸ್ಸಿನಲ್ಲಿದ್ದ ಮಾಜಾಳಿ ಕಡೆಯವನೊಬ್ಬ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ ಮೇಲೆ ಇವರ ಮಾತೇ ನಿಂತುಹೋಯಿತು. ಉಂಡರೆ ಉಂಡರು, ಇಲ್ಲದಿದ್ದರೆ ಇಲ್ಲ. ಎಕ್ಸ್‌ರೇ ತೆಗೆಸಿದೆವು, ಎದೆ ಸ್ವಚ್ಛ ಅಂದರು. ಇವರು ನಂಬಲಿಲ್ಲ. ಕೊನೆಗೆ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸೋತು ಹೋದರು. ಎದೆಗೆ ಏನೂ ಆಗಿರಲಿಲ್ಲ ಗಣಪತಿ. ಆಗುತ್ತದೆ ಅನ್ನುವ ಹೆದರಿಕೆಯೇ ಅವರ ನಿದ್ದೆ, ನಗು, ಮಕ್ಕಳ ಜೊತೆ ಕೂರಬೇಕಾಗಿದ್ದ ಸಂಜೆಗಳನ್ನೆಲ್ಲ ತಿಂದುಹಾಕಿತು. ಅದಕ್ಕೂ ಮದ್ದಿದೆ, ಡಾಕ್ಟರಿದ್ದಾರೆ ಅಂತ ಆಗ ನಮ್ಮಲ್ಲಿ ಯಾರೂ ಎತ್ತಲಿಲ್ಲ. "ಮಿಲಿಟ್ರಿಯವನಿಗೆ ಎಂಥ ಹೆದರಿಕೆ?" ಅನ್ನುವವರೇ ಎಲ್ಲ. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರ್ತದೆ.

ನಿನಗೆ ತಿಳಿಯದ್ದೇನೂ ನಾನು ಹೇಳುತ್ತಿಲ್ಲ, ಹೆಚ್ಚಾದರೆ ಬೇಸರ ಮಾಡಬೇಡ. ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋದಾಗ ಬರೀ ಕೆಮ್ಮು ಅನ್ನಬೇಡ. ಯಾವ ಹಡಗು, ಎಂಥ ಕೆಲಸ, ಎಷ್ಟು ವರ್ಷ ಅಂತ ಹೇಳಿ ಚೀಟಿಯಲ್ಲಿ ಬರೆಸು. ಅಮೆರಿಕದಲ್ಲಿ ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದ ಸೈನಿಕರ ಹಲವು ಕಾಯಿಲೆಗಳನ್ನು ಸೇವೆಯಿಂದಲೇ ಬಂದದ್ದು ಅಂತ ಒಪ್ಪುವ ಕಾಯ್ದೆ 2022ರಲ್ಲಿ ಬಂತು. ಅವರೂ ಅವರ ಹೆಂಡಿರೂ ವರ್ಷಗಟ್ಟಲೆ ಬಾಯಿಬಿಟ್ಟು ಕೇಳಿದ್ದಕ್ಕೆ ಬಂತು. ಸಿಗರೇಟು ಬಿಟ್ಟಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಆ ಪುಡಿ ಹೋದ ಎದೆಗೆ ಸಿಗರೇಟಿನ ಹೊಗೆಯೂ ಸೇರಿದರೆ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಏರುತ್ತದಂತೆ.

ಆದರೆ ಎಕ್ಸ್‌ರೇ ಸ್ವಚ್ಛ ಬಂದರೂ ನಿನಗೆ ನಿದ್ದೆ ಬಾರದಿದ್ದರೆ? ನನ್ನ ಚಿಂತೆ ಅದೇ. ಮನಸ್ಸಿನ ಕಾಯಿಲೆ ನೋಡುವ ನಿಮ್ಹಾನ್ಸ್ ಆಸ್ಪತ್ರೆ ನಿನ್ನ ಊರಲ್ಲೇ ಇದೆ. ಅಲ್ಲಿಗೆ ಹೋಗಲು ಮನಸ್ಸು ಹಿಂಜರಿದರೆ 14416ಕ್ಕೆ ಫೋನು ಹಚ್ಚು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಕೇಳುವ ಸಹಾಯವಾಣಿ, ಸರಕಾರದ್ದೇ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನೀನು ಏಳುವ ಹೊತ್ತೂ ಅದೇ ಅಲ್ಲವಾ.

ಹೆಂಡತಿಗೆ ಹೇಳಿಲ್ಲ, ಅವಳ ನಿದ್ದೆ ಯಾಕೆ ಕೆಡಿಸಲಿ ಅಂತ ಬರೆದಿದ್ದೀ. ಅವಳಿಗೆ ನಿದ್ದೆ ಇರುವುದಿಲ್ಲ ಮಗಾ. ಇವರು ಎದ್ದು ಕೂತಾಗೆಲ್ಲ ನಾನು ಗೋಡೆ ಕಡೆ ತಿರುಗಿ ಎಚ್ಚರವಾಗಿಯೇ ಇರುತ್ತಿದ್ದೆ. ಇವತ್ತೇ ಅವಳಿಗೆ ಹೇಳು. ಡಾಕ್ಟರ ಹತ್ತಿರ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು, ರಿಪೋರ್ಟು ಏನೇ ಬರಲಿ ಅಂದೇ ನನಗೊಂದು ಫೋನು ಮಾಡು.

ನಿನ್ನ ದೊಡ್ಡಮ್ಮ