ಕೈ ತಾಗುವ ಕಂಬಿ, ಹಿಡಿಕೆಗಳೂ ಶುಚಿಯಾಗಲಿ

ಮಾನ್ಯ ಸಂಪಾದಕರೇ,

ಮಳೆಗಾಲದ ಕಾಯಿಲೆಗಳ ಮಾತು ಬಂದಾಗ ನಮ್ಮ ಜಿಲ್ಲೆಯಲ್ಲಿ ಚರ್ಚೆಯೆಲ್ಲ ಕುಡಿಯುವ ನೀರು ಮತ್ತು ಸೊಳ್ಳೆಗಳ ಸುತ್ತಲೇ ನಡೆಯುತ್ತದೆ. ಅದು ಸರಿಯೇ. ಆದರೆ ದಿನವೂ ನೂರಾರು ಕೈಗಳು ತಾಗುವ ಬಸ್ಸಿನ ಕಂಬಿ, ಶೌಚಾಲಯದ ಚಿಲಕ, ನಲ್ಲಿಯ ತಿರುಪು, ಎಟಿಎಂ ಗುಂಡಿ, ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಇವುಗಳ ಶುಚಿತ್ವ ಯಾರ ಹೊಣೆಯೆಂಬುದು ಎಲ್ಲಿಯೂ ಸ್ಪಷ್ಟವಾಗಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಬೆಳಿಗ್ಗೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಆ ವಾಸನೆ ಬಂದರೆ ಎಲ್ಲವೂ ಸ್ವಚ್ಛವಾಯಿತೆಂದು ನಾವೂ ನಂಬುತ್ತೇವೆ. ಆದರೆ ಪ್ರಯಾಣಿಕರು ಕೈಯಿಂದ ಮುಟ್ಟುವುದು ನೆಲವನ್ನಲ್ಲ.

ಕುಮಟಾದಿಂದ ಶಿರಸಿಗೆ ಬರುವ ಬಸ್ಸುಗಳನ್ನೇ ತೆಗೆದುಕೊಳ್ಳಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕಂಬಿ ಹಿಡಿಯದೆ ನಿಲ್ಲಲು ಸಾಧ್ಯವಿಲ್ಲ, ವಾಂತಿ ಮಾಡಿಕೊಳ್ಳುವವರೂ ಕಡಿಮೆಯಿಲ್ಲ. ಬಹುತೇಕ ವಾಂತಿಗೆ ಘಟ್ಟದ ಓಲಾಟವೇ ಕಾರಣವಿರಬಹುದು. ಆದರೆ ಅವರಲ್ಲೊಬ್ಬರಿಗೆ ವಾಂತಿಭೇದಿ ತರುವ ನೊರೊವೈರಸ್ ಸೋಂಕಿದ್ದರೆ, ಕಿಟಕಿಯ ಸರಳು ಮತ್ತು ಮುಂದಿನ ಸೀಟಿನ ಹಿಡಿಕೆಯಲ್ಲಿ ಆ ವೈರಾಣು ಹಲವು ದಿನ ಉಳಿಯಬಲ್ಲದು. ಒಂದು ಬಕೆಟ್ ನೀರು ಚೆಲ್ಲಿ ನೆಲ ತೊಳೆದರೆ ಅದು ಹೋಗುವುದಿಲ್ಲ. ಈ ವೈರಾಣುವಿನ ಮೇಲೆ, ಹಾಗೆಯೇ ಮಕ್ಕಳ ಕೈ-ಕಾಲು-ಬಾಯಿ ರೋಗದ ವೈರಾಣುವಿನ ಮೇಲೆ, ನಾವು ಕೋವಿಡ್ ಕಾಲದಿಂದ ನೆಚ್ಚಿಕೊಂಡಿರುವ ಸ್ಯಾನಿಟೈಸರ್‌ನ ಪ್ರಭಾವವೂ ಅಷ್ಟಕ್ಕಷ್ಟೇ. ಕೋವಿಡ್ ಮುಖ್ಯವಾಗಿ ಗಾಳಿಯಿಂದ ಹರಡುತ್ತದೆ, ಮುಟ್ಟಿದ ವಸ್ತುಗಳಿಂದ ಹರಡುವುದು ವಿರಳ ಎಂಬುದು ಮುಂದೆ ತಿಳಿಯಿತು ನಿಜ. ಆದರೆ ಆ ಮಾತನ್ನು ವಾಂತಿಭೇದಿಗೂ, 2023ರ ಮಳೆಗಾಲದಲ್ಲಿ ರಾಜ್ಯದ ಎಲ್ಲೆಡೆ ಕಂಡ ಕೆಂಗಣ್ಣಿಗೂ ಅನ್ವಯಿಸಲಾಗದು.

ಇನ್ನು ಒರೆಸುವ ಬಟ್ಟೆಯ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಯಾವ ಬಟ್ಟೆಯೂ ಸರಿಯಾಗಿ ಒಣಗದು. ಹೋಟೆಲಿನಲ್ಲಿ ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಒಂದೇ ಹಸಿ ಬಟ್ಟೆಯಲ್ಲಿ ಎಲ್ಲ ಮೇಜುಗಳನ್ನೂ ಒರೆಸಿದರೆ, ಆ ತೇವದಲ್ಲೇ ಬೆಳೆದ ಬ್ಯಾಕ್ಟೀರಿಯಾಗಳನ್ನು ಮೇಜಿನಿಂದ ಮೇಜಿಗೆ ಹಂಚಿದಂತಾಗುತ್ತದೆ. ಅದಕ್ಕಿಂತ ಒರೆಸದೆ ಬಿಡುವುದೇ ಮೇಲೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಲ್ಕಾರು ಬಟ್ಟೆಗಳನ್ನಿಟ್ಟುಕೊಂಡು ಆಗಾಗ ಬದಲಿಸಿ, ಬಳಸಿದವನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಲೆಯ ಬಿಸಿಗಾದರೂ ಹರವಿ ಒಣಗಿಸುವುದು ಯಾವ ಹೋಟೆಲಿಗೂ ಭಾರವಾಗಲಾರದು.

ಕಂಬಿ, ಹಿಡಿಕೆಗಳಿಗೂ ದುಬಾರಿ ದ್ರಾವಣ ಬೇಕಿಲ್ಲ. ಮೊದಲು ಸಾಬೂನು ನೀರಿನಿಂದ ಜಿಡ್ಡು, ಕೊಳೆ ತೆಗೆಯಬೇಕು. ಕೊಳೆಯಿದ್ದರೆ ಆಮೇಲೆ ಹಚ್ಚುವ ಬ್ಲೀಚಿಂಗ್ ದ್ರಾವಣದ ಕ್ಲೋರಿನ್ ಅದರಲ್ಲೇ ವ್ಯಯವಾಗುತ್ತದೆ. ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯನ್ನು 10 ಲೀಟರ್ ನೀರಿಗೆ ಸುಮಾರು 35 ಗ್ರಾಂ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಬಸಿದುಕೊಂಡರೆ ಶೇ 0.1ರ ದ್ರಾವಣ ಸಿಗುತ್ತದೆ. ವಾಂತಿ ಬಿದ್ದ ಜಾಗಕ್ಕೆ ಇದರ ಐದು ಪಟ್ಟು ಸಾಂದ್ರತೆ ಬೇಕು. ಹಚ್ಚಿದ ತಕ್ಷಣ ಒರೆಸಿಬಿಡದೆ 10 ನಿಮಿಷ ಬಿಡಬೇಕು. ನಮ್ಮಲ್ಲಿ ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಆಮೇಲೆ ಬರಿ ನೀರಿನಿಂದ ಒರೆಸದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ದ್ರಾವಣವನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆಗಂತೂ ಇದನ್ನು ಎಂದಿಗೂ ಬೆರೆಸಬಾರದು, ಏಕೆಂದರೆ ಹಾಗೆ ಬೆರೆಸಿದಾಗ ಹೊಮ್ಮುವ ಕ್ಲೋರಿನ್ ಅನಿಲ ಉಸಿರಾಟಕ್ಕೆ ಅಪಾಯಕಾರಿ. ಈ ಕೆಲಸ ಮಾಡುವವರಿಗೆ ಕೈಗವಸು ಕೊಡುವುದು ಕೆಲಸ ಮಾಡಿಸುವವರ ಕರ್ತವ್ಯ.

ಆದ್ದರಿಂದ ಸಾರಿಗೆ ಮತ್ತು ನಗರಾಡಳಿತದ ಅಧಿಕಾರಿಗಳು ಶುಚಿತ್ವದ ಕೆಲಸದ ಪಟ್ಟಿಯಲ್ಲಿ ನೆಲದ ಜೊತೆಗೆ ಕಂಬಿ, ಚಿಲಕ, ನಲ್ಲಿಗಳನ್ನೂ ಹೆಸರಿಸಿ ಸೇರಿಸಬೇಕೆಂದು ಕೋರುತ್ತೇನೆ. ಎಷ್ಟು ಒರೆಸಿದರೂ ಮುಂದಿನ ಪ್ರಯಾಣಿಕ ಮುಟ್ಟುವವರೆಗಷ್ಟೇ ಅದರ ಫಲವಾದ್ದರಿಂದ, ಬಸ್ ನಿಲ್ದಾಣಗಳಲ್ಲಿ ನೀರು ಬರುವ ನಲ್ಲಿಯೂ ಅದರ ಪಕ್ಕದಲ್ಲಿ ಸಾಬೂನೂ ಇರಬೇಕು. ಎರಡು ವರ್ಷಕ್ಕೊಮ್ಮೆ ಲಕ್ಷಾಂತರ ಜನ ಸೇರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಸರತಿ ಸಾಲಿನ ಕಂಬಿಗಳಿಗೂ ಇದೇ ವ್ಯವಸ್ಥೆಯನ್ನು ಮೊದಲೇ ಯೋಜಿಸಿಕೊಳ್ಳಬಹುದು.

– ನಿವೃತ್ತ ಆರೋಗ್ಯ ನಿರೀಕ್ಷಕ, ಶಿರಸಿ